ಬೋನಿನೊಳಗಿನ ಯಜಮಾನ

ಅಡೂರು ಗೋಪಾಲಕೃಷ್ಣನ್ ಅವರು 1981ರಲ್ಲಿ ನಿರ್ದೇಶಿಸಿದ ‘ಎಲಿಪತ್ತಾಯಂ’, ಅಂದರೆ ಇಲಿಬೋನು, ಎಂಬ ಮಲಯಾಳ ಚಿತ್ರಕ್ಕೆ ಮರುವರ್ಷ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸದರ್ಲ್ಯಾಂಡ್ ಟ್ರೋಫಿ ದೊರೆಯಿತು. ಆ ಕೀರ್ತಿಯನ್ನು ಕೇಳಿ ನೋಡಲು ಕುಳಿತ ಪ್ರೇಕ್ಷಕನು ಬೇಸತ್ತು ಎದ್ದರೆ ಆತನನ್ನು ಅರಸಿಕನೆಂದು ಹಳಿಯುವುದು ನ್ಯಾಯವಲ್ಲ. ಎರಡು ಗಂಟೆಗಳ ಕಾಲ ಆತನು ಕಾಣುವುದಾದರೂ ಏನು? ಶಿಥಿಲವಾಗುತ್ತಿರುವ ಒಂದು ನಾಯರ್ ತರವಾಡು. ಅದರ ಯಜಮಾನ ಉಣ್ಣಿ. ಅವನ ಸೇವೆಯಲ್ಲಿಯೇ ಸವೆಯುವ ಸಹೋದರಿ ರಾಜಮ್ಮ. ಇಲಿ ಬಿದ್ದ ಬೋನನ್ನು ಕೊಳಕ್ಕೊಯ್ದು ಮುಳುಗಿಸುವ ಕಿರಿಯಳು ಶ್ರೀದೇವಿ. ಮಾತು ಅಲ್ಪ, ಮೌನವೇ ಅಧಿಕ.

ಆದರೂ ಈ ನಿಧಾನಗತಿಯನ್ನು ದೋಷವೆನ್ನಲಾಗದು. ದಾರಿಯಲ್ಲಿ ನಿಂತ ಕೆಸರುನೀರನ್ನು ದಾಟಲಾರದೆ ಮನೆಗೆ ಹಿಂದಿರುಗುವವನು, ಅಂಗಳಕ್ಕೆ ನುಗ್ಗಿದ ಹಸುವನ್ನು ಅಟ್ಟಲು ತಾನೇಳದೆ ರಾಜಮ್ಮನನ್ನು ಕೂಗುವವನು ಉಣ್ಣಿ. ಇಂತಹವನ ದಿನಚರಿಯನ್ನು ಅವಸರದಿಂದ ಹೇಳಲು ಬಾರದು. ಮಾತೃವಂಶೀಯ ಕುಟುಂಬದಲ್ಲಿ ಆಸ್ತಿಯು ಸ್ತ್ರೀಯರ ಮೂಲಕ ಇಳಿದುಬಂದರೂ ಆಡಳಿತವು ಪುರುಷನ ಕೈಯಲ್ಲಿತ್ತು. ಭೂಸುಧಾರಣೆಯು ಗೇಣಿಯ ಆದಾಯವನ್ನು ಕಸಿಯಿತು. 1975ರ ಕೇರಳದ ಕಾನೂನು ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿತು. ಚಿತ್ರದಲ್ಲಿ ಇದರ ಭಾಷಣವಿಲ್ಲ. ಹಿರಿಯ ಸಹೋದರಿ ಜಾನಮ್ಮ ತನ್ನ ಪಾಲನ್ನು ಕೇಳಲು ಬರುತ್ತಾಳೆ, ಅಷ್ಟೆ. ಅಳಿಯಕಟ್ಟನ್ನು ಕಂಡ ತುಳುನಾಡಿನ ಜೈನ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ನಿರಾಶೆಯ ಕಾರಣ ಬೇರೆಯೇ ಇದೆ. ರಾಜಮ್ಮನಿಗೆ ಬಂದ ಸಂಬಂಧವನ್ನು ಉಣ್ಣಿ ತಳ್ಳಿಹಾಕುತ್ತಾನೆ. ಆಕೆ ರೋಗದಿಂದ ಹಾಸಿಗೆ ಹಿಡಿದಾಗಲೂ ಅವನಿಂದ ಏನೂ ಆಗುವುದಿಲ್ಲ. ಕೈಯೆತ್ತದೆಯೂ ಹಿಂಸೆ ನಡೆಯುತ್ತದೆ, ಅದಕ್ಕೆ ಪ್ರಮಾದವೊಂದೇ ಸಾಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರಗಳು ವಿರಳ. ಆದರೆ ಆಕೆಯನ್ನು ಹೊತ್ತೊಯ್ದ ಬಳಿಕ ಚಿತ್ರವು ಆಕೆಯನ್ನು ಮರೆತೇಬಿಡುತ್ತದೆ. ಕೊನೆಗೆ ಜನರು ರಾತ್ರಿಯಲ್ಲಿ ಮನೆಯೊಳಕ್ಕೆ ನುಗ್ಗಿ, ಉಣ್ಣಿಯನ್ನು ಎತ್ತಿಕೊಂಡು ಹೋಗಿ ಅದೇ ಕೊಳಕ್ಕೆ ಎಸೆಯುತ್ತಾರೆ. ಇಲಿಗಾದ ಗತಿ ಮನುಷ್ಯನಿಗೂ ಆಯಿತು. ಸಂಕೇತದ ಜಮಾಖರ್ಚು ಪೈಸೆ ತಪ್ಪದೆ ಸರಿಹೊಂದಿತು! ಆದರೆ ಬೋನಿಗೆ ಬಿದ್ದ ಇಲಿಗೆ ಬೇರೆ ಮಾರ್ಗವಿರಲಿಲ್ಲ. ಉಣ್ಣಿಗೆ ಬಾಗಿಲು ತೆರೆದೇ ಇತ್ತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದಾಗ ಅವನ ಅಪರಾಧವೂ ಹಗುರಾಗುತ್ತದೆ, ಅವನನ್ನು ನೀರಿಗೆಸೆದ ಗುಂಪಿನ ಕೃತ್ಯವೂ ವಿಚಾರಣೆಯಿಲ್ಲದೆ ನ್ಯಾಯವೆನಿಸಿಕೊಳ್ಳುತ್ತದೆ. ರಾಜಮ್ಮ ಬದುಕಿದಳೋ ಇಲ್ಲವೋ ಎಂದು ಕೇಳುತ್ತ ಪ್ರೇಕ್ಷಕನು ಏಳುತ್ತಾನೆ. ಚಿತ್ರವಾದರೋ ಕೊಳದ ಬಳಿಯಲ್ಲಿಯೇ ಮುಗಿದಿರುತ್ತದೆ.