ಹಾಯಿದೋಣಿಯ ಒಳಮನೆ

1942ರಲ್ಲಿ ಸ್ವೀಡನ್ನಿನಲ್ಲಿ ಮೊದಲು ನೀರಿಗಿಳಿದ ನಾರ್ಡಿಕ್ ಫೋಕ್‌ಬೋಟ್ ಸುಮಾರು 7.7 ಮೀಟರ್ ಉದ್ದ, 2.2 ಮೀಟರ್ ಅಗಲದ ಹಾಯಿದೋಣಿ. ಅದರ ಕೋಣೆಯಲ್ಲಿ ನೆಟ್ಟಗೆ ನಿಲ್ಲುವಷ್ಟೂ ಎತ್ತರವಿಲ್ಲ. ಇಂಥ ಇಕ್ಕಟ್ಟನ್ನು ವಾಸದ ಮನೆಯಾಗಿಸುವುದು ಮರಗೆಲಸದ ಅತ್ಯಂತ ಸೊಗಸಾದ ಕಲೆಗಳಲ್ಲೊಂದು.

ಕೆಲಸ ಶುರುವಾಗುವುದು ಹಳೆಯದನ್ನು ಬಿಚ್ಚುವುದರಿಂದ. ಪಕ್ಕೆಗಳೂ ತಳದ ಕೀಲನ್ನು ಒಡಲಿಗೆ ಬಿಗಿದ ಬೋಲ್ಟುಗಳೂ ಬಯಲಾದ ಮೇಲೆಯೇ ಕೊಳೆತದ್ದು, ತುಕ್ಕು ಹಿಡಿದದ್ದು ಕಾಣಸಿಗುತ್ತದೆ. ಒಡಲಿನ ಗೋಡೆ ಎಲ್ಲೆಡೆ ಬಾಗಿರುವುದರಿಂದ ಪ್ರತಿ ಹಲಗೆಗೂ ಮೊದಲು ತೆಳು ರಟ್ಟಿನಲ್ಲಿ ಅಚ್ಚು ತೆಗೆಯಬೇಕು. ತೇಲುವ ದೋಣಿಯಲ್ಲಿ ರಸಮಟ್ಟ ನೆಚ್ಚುವಂತಿಲ್ಲ. ಅಳತೆಗೆ ದೋಣಿಯ ನಡುಗೆರೆಯೇ ಆಧಾರ.

ಇಲ್ಲಿ ಪ್ರತಿಯೊಂದಕ್ಕೂ ಎರಡು ಕೆಲಸ. ಹಗಲಿನ ಆಸನವೇ ರಾತ್ರಿಯ ಮಂಚ, ಮೆಟ್ಟಿಲೇ ಪೆಟ್ಟಿಗೆಯ ಮುಚ್ಚಳ. ದೋಣಿ ವಾಲಿದಾಗ ಪಾತ್ರೆ ಜಾರದಂತೆ ಕಪಾಟಿಗೂ ಮೇಜಿಗೂ ಎತ್ತರಿಸಿದ ಅಂಚುಪಟ್ಟಿ, ಮಲಗಿದವರು ಉರುಳದಂತೆ ಮಂಚಕ್ಕೆ ಕ್ಯಾನ್ವಾಸಿನ ತಡೆ. ಒಲೆ ತೂಗುಕೀಲಿನ ಮೇಲೆ ನಿಂತು, ದೋಣಿ ಎತ್ತ ವಾಲಿದರೂ ತಾನು ಸಮವಾಗಿರುತ್ತದೆ. ಮೈ ತಗಲುವ ಮೂಲೆಗಳೆಲ್ಲ ದುಂಡಗಿರುತ್ತವೆ.

ತೇವವೇ ದೊಡ್ಡ ಶತ್ರು. ಅದಕ್ಕೇ ಮೆರೈನ್ ಪ್ಲೈವುಡ್ಡಿನ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಕುಡಿಸುತ್ತಾರೆ. ಒಡಲಿಗೂ ಒಳಪಟ್ಟಿಗಳಿಗೂ ನಡುವೆ ಗಾಳಿಯಾಡಲು ಸಂದು ಬಿಡುತ್ತಾರೆ. ಹಾಸಿಗೆಯ ಕೆಳಗಿನ ಹಲಗೆಗೆ ರಂಧ್ರ ಕೊರೆಯುತ್ತಾರೆ. ನೀರಿನ ತೊಟ್ಟಿ, ಬ್ಯಾಟರಿಯಂಥ ಭಾರದ ವಸ್ತುಗಳು ತಳದಲ್ಲಿ, ನಡುವಿಗೆ ಹತ್ತಿರವಾಗಿ, ಅಲುಗದಂತೆ ಕೂರಬೇಕು. ಇಲ್ಲದಿದ್ದರೆ ದೋಣಿಯ ಸಮತೋಲ ಕೆಡುತ್ತದೆ.

ಒಡಲಿನ ಮೂಲಕ ಹಾದುಹೋಗುವ ಕೊಳವೆಗಳ ಕವಾಟಗಳಿಗೆ ಕೈ ತಕ್ಷಣ ಎಟುಕಬೇಕು. ಆದ್ದರಿಂದ ಒಳ್ಳೆಯ ಕುಶಲಕರ್ಮಿ ನೆಲಹಲಗೆಯನ್ನು ಮೊಳೆ ಹೊಡೆದು ಮುಚ್ಚುವುದಿಲ್ಲ, ಬೇಕೆಂದಾಗ ಎತ್ತಿ ತೆಗೆಯುವಂತೆ ಕೂರಿಸುತ್ತಾನೆ. ಅಂದಕ್ಕಿಂತ ಮೊದಲು ದುರಸ್ತಿಗೆ ದಾರಿ ಬಿಡುವುದೇ ಈ ಕಲೆಯ ಹಿರಿಮೆ.