ಮುಕೆಯೋ ಮುಕಿಯೋ: ಜಪಾನಿ ಮಾತು ಮುಖ ಮಾಡುವ ಬಗೆ

ಜಪಾನಿನಲ್ಲಿ ಮಾರಾಟಕ್ಕಿರುವ ಪುಸ್ತಕ, ಔಷಧ, ಆಟಿಕೆ, ಪ್ರವಾಸದ ಕೈಪಿಡಿ ಮೊದಲಾದವುಗಳ ಮೇಲೆ ‘ಮುಕೆ’ ಎಂಬ ಎರಡಕ್ಷರದ ಉತ್ತರಪದ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ‘ಕೊದೊಮೊ-ಮುಕೆ’ ಎಂದರೆ ಮಕ್ಕಳನ್ನು ಉದ್ದೇಶಿಸಿದ್ದು, ‘ಶೊಶಿನ್‌ಶ-ಮುಕೆ’ ಎಂದರೆ ಹೊಸದಾಗಿ ಕಲಿಯುವವರನ್ನು ಉದ್ದೇಶಿಸಿದ್ದು, ‘ಕೈಗೈ-ಮುಕೆ’ ಎಂದರೆ ಹೊರದೇಶಗಳಿಗೆಂದೇ ತಯಾರಾದದ್ದು. ಇದರ ಜೊತೆಗೆ ಹುಟ್ಟಿದ ‘ಮುಕಿ’ ಎಂಬ ಇನ್ನೊಂದು ರೂಪವೂ ಉಂಟು. ಎರಡರ ನಡುವೆ ಕಿವಿಗೆ ಕೇಳುವ ಭೇದ ಕೊನೆಯ ಸ್ವರದ್ದು ಮಾತ್ರ. ಮೊದಲನೆಯದಕ್ಕೆ ‘ಉದ್ದೇಶಿಸಿದ್ದು’, ಎರಡನೆಯದಕ್ಕೆ ‘ಒಪ್ಪುವಂಥದ್ದು’ ಎಂದು ಒಂದೊಂದು ಅರ್ಥ ಕೊಟ್ಟು ಪಠ್ಯಪುಸ್ತಕಗಳು ಮುಂದೆ ಸಾಗಿಬಿಡುತ್ತವೆ. ಆ ಅರ್ಥಗಳು ತಪ್ಪಲ್ಲ. ಆದರೆ ಒಂದು ವಸ್ತು ಅಥವಾ ಮಾತು ಒಬ್ಬರ ಕಡೆಗೆ ಮುಖ ಮಾಡಿ ನಿಂತಿದ್ದರೆ ಅದು ತಾನಾಗಿ ಹಾಗೆ ನಿಂತಿದೆಯೋ, ಯಾರಾದರೂ ಹಾಗೆ ತಿರುಗಿಸಿ ನಿಲ್ಲಿಸಿದರೋ ಎಂಬ ಪ್ರಶ್ನೆಯನ್ನು ಜಪಾನಿ ಭಾಷೆ ಈ ಒಂದು ಸ್ವರದಲ್ಲಿ ಇಟ್ಟಿದೆ ಎಂಬುದು ಅಷ್ಟರಿಂದ ತಿಳಿಯುವುದಿಲ್ಲ.

ಇದರ ಬೇರು ಕ್ರಿಯಾಪದಗಳಲ್ಲಿದೆ. ‘ಮುಕು’ ಎಂಬುದು ಅಕರ್ಮಕ, ಅಂದರೆ ಕರ್ಮಪದವನ್ನು ಬೇಡದ ಕ್ರಿಯೆ. ಒಂದು ದಿಕ್ಕಿಗೆ ಮುಖ ಮಾಡಿರು ಎಂಬುದು ಅದರ ಅರ್ಥ. ‘ಮುಕೆರು’ ಸಕರ್ಮಕ, ಕ್ಯಾಮೆರಾವನ್ನೋ ಗಮನವನ್ನೋ ಮಾತನ್ನೋ ಒಂದು ದಿಕ್ಕಿಗೆ ತಿರುಗಿಸು ಎಂದು ಅದು ಹೇಳುತ್ತದೆ, ತಿರುಗಿಸುವ ಕರ್ತೃವೊಬ್ಬನನ್ನು ಬೇಡುತ್ತದೆ. ಕನ್ನಡದ ‘ತಿರುಗು’ ಮತ್ತು ‘ತಿರುಗಿಸು’ ಎಂಬ ಜೋಡಿಯಲ್ಲಿ ಇರುವ ಸಂಬಂಧವೇ ಇಲ್ಲಿಯೂ ಇದೆ. ಮೊದಲನೆಯ ಕ್ರಿಯೆಯಿಂದ ‘ಮುಕಿ’, ಎರಡನೆಯದರಿಂದ ‘ಮುಕೆ’ ಎಂಬ ನಾಮರೂಪಗಳು ಹುಟ್ಟಿವೆಯಾದ್ದರಿಂದ, ‘ಮುಕೆ’ ಎಂದಾಗಲೆಲ್ಲ ತೆರೆಯ ಹಿಂದೆ ಒಬ್ಬ ಲೇಖಕ, ತಯಾರಕ ಅಥವಾ ಪ್ರಕಾಶಕ ಇದ್ದೇ ಇರುತ್ತಾನೆ. ‘ಮುಕಿ’ ಎಂದಾಗ ಅಂಥವನು ಬೇಕಿಲ್ಲ, ವಸ್ತುವಿನ ಗುಣವೇ ಸಾಕು.

‘ಮುಕಿ’ಯ ಅತ್ಯಂತ ಸಹಜವಾದ ನೆಲೆ ಮನೆಗಳ ವರ್ಣನೆ. ‘ಮಿನಮಿ-ಮುಕಿ’, ಅಂದರೆ ದಕ್ಷಿಣಾಭಿಮುಖ ಎಂಬ ಮಾತು ಬಾಡಿಗೆ ಮನೆಗಳ ಜಾಹೀರಾತಿನಲ್ಲಿ ಬೆಲೆ ಹೆಚ್ಚಿಸುವ ಗುಣವಾಗಿ ಬರುತ್ತದೆ, ಏಕೆಂದರೆ ಜಪಾನಿನ ಚಳಿಗಾಲದಲ್ಲಿ ದಕ್ಷಿಣದ ಆಕಾಶದಲ್ಲಿ ತಗ್ಗಾಗಿ ಸಾಗುವ ಸೂರ್ಯನ ಬಿಸಿಲು ಆ ದಿಕ್ಕಿನ ಕಿಟಕಿಗಳಿಂದ ಕೋಣೆಯೊಳಗೆ ಆಳವಾಗಿ ಬೀಳುತ್ತದೆ. (ವಾಸ್ತುವಿನ ಕಾರಣಕ್ಕೆ ಪೂರ್ವದ ಬಾಗಿಲನ್ನು ಹುಡುಕುವ ಬೆಂಗಳೂರಿನ ಬಾಡಿಗೆದಾರರಿಗೆ ದಕ್ಷಿಣದ ಈ ಮನ್ನಣೆ ಹೊಸದಾಗಿ ಕಂಡೀತು.) ಈ ಪದಗಳನ್ನು ಬರೆಯಲು ಬಳಸುವ ಚೀನೀ ಮೂಲದ ಲಿಪಿಚಿಹ್ನೆಗೂ ಮನೆಯ ಸಂಬಂಧವೇ ಇದೆ: ಉತ್ತರ ದಿಕ್ಕಿನ ಕಿಟಕಿ ಎಂದು ಚೀನದ ಪ್ರಾಚೀನ ನಿಘಂಟು ‘ಶುವೊವೆನ್’ ಅದನ್ನು ವಿವರಿಸುತ್ತದೆ. ದಿಕ್ಕಿನ ಅರ್ಥದಿಂದ ‘ಒಪ್ಪುವಿಕೆ’ಯ ಅರ್ಥಕ್ಕೆ ಹಾದಿ ದೂರದ್ದಲ್ಲ. ‘ನತ್ಸು-ಮುಕಿ’ ಬಟ್ಟೆ ಬೇಸಿಗೆಗೆ ಹೊಂದುವಂಥದ್ದು. ‘ಮುಕಿ-ಫುಮುಕಿ’ ಎಂದರೆ ಒಬ್ಬೊಬ್ಬರ ಸ್ವಭಾವಕ್ಕೆ ಒಂದು ಕೆಲಸ ಒಗ್ಗುವುದು ಮತ್ತು ಒಗ್ಗದಿರುವುದು. ‘ಮಾಎ-ಮುಕಿ’, ಅಂದರೆ ಮುಂದಕ್ಕೆ ಮುಖ ಮಾಡಿದ್ದು, ಎಂಬುದು ಆಶಾವಾದಿ ಮನೋಭಾವಕ್ಕೆ ಹೆಸರಾಗಿದೆ.

ಮಕ್ಕಳ ಸಾಹಿತ್ಯದ ಚರಿತ್ರೆಯ ಒಂದು ಪ್ರಸಂಗದಲ್ಲಿ ಈ ಎರಡು ರೂಪಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಸುಜುಕಿ ಮಿಯೆಕಿಚಿ ಅವರು 1918ರ ಜುಲೈಯಲ್ಲಿ ‘ಅಕಾಯ್ ತೊರಿ’, ಅಂದರೆ ಕೆಂಪು ಹಕ್ಕಿ, ಎಂಬ ಮಕ್ಕಳ ಮಾಸಿಕವನ್ನು ಆರಂಭಿಸಿದಾಗ, ಅದರ ಮೊದಲ ಸಂಚಿಕೆಗೆ ಅಕುತಗವ ರ್‍ಯುನೊಸುಕೆ ಅವರು ‘ಕುಮೊ ನೊ ಇತೊ’ (ಜೇಡನ ಎಳೆ) ಎಂಬ ಕಥೆ ಬರೆದುಕೊಟ್ಟರು. ಅದು ಅಕುತಗವ ಮಕ್ಕಳಿಗೆಂದು ಬರೆದ ಮೊದಲ ಕಥೆ. ಬದುಕಿನಲ್ಲಿ ಒಂದೇ ಒಂದು ಜೇಡವನ್ನು ಕೊಲ್ಲದೆ ಬಿಟ್ಟ ಪುಣ್ಯಕ್ಕಾಗಿ ನರಕದಲ್ಲಿರುವ ಕಳ್ಳನೊಬ್ಬನಿಗೆ ಬುದ್ಧ ಸ್ವರ್ಗದಿಂದ ಎಳೆಯೊಂದನ್ನು ಇಳಿಬಿಡುವುದು ಅದರ ವಸ್ತು. ಲೇಖಕನ ಸಂಕಲ್ಪದಿಂದಲೇ ಅದು ‘ಕೊದೊಮೊ-ಮುಕೆ’ಯಾಗಿತ್ತು. ಆದರೂ ಸಂಪಾದಕ ಮಿಯೆಕಿಚಿ ಹಸ್ತಪ್ರತಿಯನ್ನು ಮಕ್ಕಳ ಓದಿಗೆ ಹೊಂದುವಂತೆ ತಿದ್ದಿ ಅಚ್ಚಿಗೆ ಕೊಟ್ಟರು, ಅಂದರೆ ಅದನ್ನು ‘ಕೊದೊಮೊ-ಮುಕಿ’ಯೂ ಆಗುವಂತೆ ಮಾಡಿದರು. ಉದ್ದೇಶ ಒಂದು ಕೈಯದು, ಒಪ್ಪಿಸುವ ಕೆಲಸ ಇನ್ನೊಂದು ಕೈಯದು. ಕನ್ನಡದಲ್ಲಿ ‘ಮಕ್ಕಳಿಗಾಗಿ ಬರೆದ ಕಥೆ’ ಮತ್ತು ‘ಮಕ್ಕಳಿಗೆ ಹಿಡಿಸುವ ಕಥೆ’ ಎಂದು ಎರಡು ಬೇರೆ ವಾಕ್ಯಖಂಡಗಳಲ್ಲಿ ಹೇಳಬೇಕಾದ ಭೇದ ಇದು. ಬಳಕೆಯಲ್ಲಿ ಈ ಗೆರೆ ಎಲ್ಲೆಡೆಯೂ ಕಟ್ಟುನಿಟ್ಟಾಗಿಲ್ಲ, ‘ಮುಕೆ’ ನಿರೀಕ್ಷಿಸುವ ಕಡೆ ‘ಮುಕಿ’ ಬರುವುದೂ ಉಂಟು. ಆದರೆ ರಫ್ತಿಗೆಂದು ತಯಾರಿಸಿದ ಸರಕಿನ ವಿಷಯದಲ್ಲಿ, ತಯಾರಕನ ತೀರ್ಮಾನವೇ ಮುಖ್ಯವಾದ್ದರಿಂದ, ‘ಮುಕೆ’ಯೇ ಸಹಜ.

ಇದೇ ಅಳತೆಗೋಲನ್ನು ಜಪಾನಿನ ಸಾರ್ವಜನಿಕ ಭಾಷೆಯ ಇತಿಹಾಸಕ್ಕೂ ಹಿಡಿಯಬಹುದು, ಹಿಡಿಯಲೂಬೇಕು. 1945ರ ಆಗಸ್ಟ್ 15ರ ಮಧ್ಯಾಹ್ನ ಸಮ್ರಾಟ ಹಿರೊಹಿತೊ ಅವರ ಧ್ವನಿಮುದ್ರಿತ ಘೋಷಣೆ ರೇಡಿಯೊದಲ್ಲಿ ಬಿತ್ತರವಾದಾಗ, ಇಡೀ ಪ್ರಜಾಸಮುದಾಯವನ್ನು ಉದ್ದೇಶಿಸಿದ ಆ ಮಾತು ಚೀನೀ ಪದಗಳಿಂದ ತುಂಬಿದ ಹಳೆಯ ಆಸ್ಥಾನ ಶೈಲಿಯಲ್ಲಿ ಇದ್ದುದರಿಂದ, ಕೇಳಿದ ಅನೇಕರಿಗೆ ದೇಶ ಶರಣಾಗಿದೆಯೆಂಬುದು ಕೂಡ ಒಡನೆ ತಿಳಿಯಲಿಲ್ಲ. ಉದ್ಘೋಷಕರ ವಿವರಣೆ ಅದರ ಹಿಂದೆಯೇ ಬರಬೇಕಾಯಿತು. ಜನರ ಕಡೆಗೆ ತಿರುಗಿಸಿದ ಮಾತು ಜನರಿಗೆ ಒಗ್ಗಿದ ಮಾತಾಗಿರಲಿಲ್ಲ. ಮರುವರ್ಷ, 1946ರ ನವೆಂಬರ್ 3ರಂದು ಪ್ರಕಟವಾದ ಹೊಸ ಸಂವಿಧಾನವನ್ನು ಹಳೆಯ ಬರಹಶೈಲಿಯನ್ನು ಬಿಟ್ಟು ಆಡುಮಾತಿಗೆ ಹತ್ತಿರವಾದ ಗದ್ಯದಲ್ಲಿ ರಚಿಸಲಾಯಿತು. ಅದೇ ತಿಂಗಳ 16ರಂದು ಉಚ್ಚಾರಣೆಗೆ ಹೊಂದುವ ಹೊಸ ಕಾಗುಣಿತವೂ ಜಾರಿಗೆ ಬಂತು. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಎಚ್ಚರಿಕೆ ಮತ್ತು ಪರಿಹಾರದ ಸೂಚನೆಗಳು ಅಲ್ಲಿದ್ದ ವಿದೇಶೀಯರಿಗೆ ಅರ್ಥವಾಗದೆ ಹೋದ ಮೇಲೆ, ಹಿರೊಸಾಕಿ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು ‘ಯಸಶಿಯಿ ನಿಹೊಂಗೊ’, ಅಂದರೆ ಸುಲಭ ಜಪಾನಿ, ಎಂಬ ಸರಳ ಭಾಷಾರೂಪವನ್ನು ರೂಪಿಸಲು ಮುಂದಾದರು. ಸ್ಥಳಾಂತರಗೊಳ್ಳು ಎಂಬರ್ಥದ ‘ಹಿನನ್ ಸುರು’ ಎಂಬ ಕಠಿಣ ಪದದ ಬದಲು ಓಡಿ ಪಾರಾಗು ಎಂಬರ್ಥದ ‘ನಿಗೆರು’ ಎಂದು ಹೇಳುವುದು ಅದರ ಬಗೆ. ವಿದೇಶೀಯರಿಗೆ ‘ಮುಕೆ’ಯಾದ ಸೂಚನೆ ಅವರಿಗೆ ‘ಮುಕಿ’ಯೂ ಆಗಿರಬೇಕೆಂಬ ಹಟವೇ ಆ ಪ್ರಯತ್ನದ ಸತ್ವ, ಮತ್ತು ಅದು ಜಪಾನಿ ಭಾಷಾನೀತಿಯ ಅತ್ಯಂತ ಮಾನವೀಯವಾದ ಸಾಧನೆಗಳಲ್ಲಿ ಒಂದು.

ವಾಕ್ಯದ ಮಧ್ಯದಲ್ಲಿ ಕ್ರಿಯಾವಿಶೇಷಣದಂತೆ ಬರುವ ‘ನಿ ಮುಕೆತೆ’ ಮತ್ತು ‘ನಿ ಮುಕತ್ತೆ’ ಎಂಬ ಎರಡು ರಚನೆಗಳು ಇದೇ ಕುಟುಂಬದವು. ಎರಡನೆಯದು ‘ಮುಕಉ’ ಎಂಬ ಮೂರನೆಯ ಕ್ರಿಯಾಪದದಿಂದ ಬಂದದ್ದು. ‘ಮುಕು’ ಎಂಬುದಕ್ಕೆ ಸಂಧಿಸು ಎಂಬರ್ಥದ ‘ಅಉ’ ಸೇರಿ ಆದ ಈ ಕ್ರಿಯೆಗೆ ಎದುರಾಗಿ ನಿಲ್ಲು, ಆ ಕಡೆಗೆ ಹೊರಡು ಎಂಬ ಎರಡೂ ಅರ್ಥಗಳಿವೆ. ಚಳಿಗಾಲದ ‘ಕಡೆಗೆ’ ಚಳಿ ಹೆಚ್ಚುತ್ತಾ ಹೋಗುತ್ತದೆ ಎನ್ನುವಾಗ ‘ಫುಯು ನಿ ಮುಕತ್ತೆ’ ಎಂಬುದು ಸರಿಹೊಂದುತ್ತದೆ, ಏಕೆಂದರೆ ಋತು ತಾನಾಗಿ ಸರಿಯುತ್ತದೆ. ಚಳಿಗಾಲಕ್ಕೆಂದು ಮನೆಯವರು ಸಿದ್ಧತೆ ಮಾಡುತ್ತಾರೆ ಎನ್ನುವಾಗ ‘ಫುಯು ನಿ ಮುಕೆತೆ’ ಬರುತ್ತದೆ, ಏಕೆಂದರೆ ಅಲ್ಲಿ ಪ್ರಯತ್ನವೊಂದನ್ನು ಗುರಿಯತ್ತ ತಿರುಗಿಸಲಾಗಿದೆ. ಪುನರ್ನಿರ್ಮಾಣ, ಒಪ್ಪಂದ, ಕ್ರೀಡಾಕೂಟ ಮೊದಲಾದ ದೂರದ ಗುರಿಗಳ ಬಗ್ಗೆ ಪತ್ರಿಕೆಗಳು ಬರೆಯುವಾಗ ‘ಮುಕೆತೆ’ ಅವುಗಳ ಬಿಡಲಾಗದ ಪದ, ಜಗತ್ತನ್ನು ಉದ್ದೇಶಿಸಿ ಸಂದೇಶ ಕಳಿಸುವುದಕ್ಕೂ ಅದೇ. ಮನುಷ್ಯ ತಾನೇ ಮೈಯಾರೆ ಗುರಿಯತ್ತ ಓಡುವಾಗ ಮಾತ್ರ ‘ಮುಕತ್ತೆ’ ಮರಳುತ್ತದೆ. ಈ ‘ಮುಕತ್ತೆ’ಗೆ ಎದುರುಬದುರಿನ ಬಿಸಿಯೂ ಇದೆ: ಕಡಲಿಗೆ ಮುಖ ಮಾಡಿ ಕೂಗುವುದನ್ನು ಹೇಳುವ ಅದೇ ರೂಪ, ‘ಒಯ ನಿ ಮುಕತ್ತೆ’ ಎಂದಾಗ, ಹೆತ್ತವರಿಗೇ ಎದುರು ನಿಂತು ಹೀಗೆ ಮಾತಾಡುವುದೇ ಎಂಬ ಗದರಿಕೆಯಾಗುತ್ತದೆ. ಕನ್ನಡದಲ್ಲಿ ‘ಎದುರು’ ಎಂಬ ದಿಕ್ಕಿನ ಪದದಿಂದಲೇ ‘ಎದುರಾಡು’ ಹುಟ್ಟಿರುವುದನ್ನು ಬಲ್ಲವರಿಗೆ ಈ ಜಾಡು ಅಪರಿಚಿತವಲ್ಲ.

ಇವೆಲ್ಲಕ್ಕೂ ತಳದಲ್ಲಿ ‘ನಿ’ ಮತ್ತು ‘ಎ’ ಎಂಬ ಎರಡು ಸಣ್ಣ ಪ್ರತ್ಯಯಗಳಿವೆ. ನಾಮಪದದ ಹಿಂದೆ ಅಂಟಿಕೊಂಡು ವಾಕ್ಯದಲ್ಲಿ ಅದರ ಸಂಬಂಧವನ್ನು ಸೂಚಿಸುವ ಇಂಥವುಗಳನ್ನು ಜಪಾನಿ ವ್ಯಾಕರಣ ‘ಜೊಶಿ’, ಅಂದರೆ ನೆರವಿನ ಪದ, ಎಂದು ಕರೆಯುತ್ತದೆ. ‘ಎ’ ಪ್ರತ್ಯಯವನ್ನು ಇಂದಿಗೂ ‘ಹೆ’ ಎಂಬ ಅಕ್ಷರದಲ್ಲೇ ಬರೆಯುತ್ತಾರೆ. 1946ರ ಕಾಗುಣಿತ ಸುಧಾರಣೆ ಉಳಿಸಿಕೊಂಡ ಕೆಲವೇ ಹಳೆಯ ಬರಹಗಳಲ್ಲಿ ಅದೂ ಒಂದು. ಮೂಲದಲ್ಲಿ ಅದು ಅಂಚು, ಬದಿ ಎಂಬರ್ಥದ ನಾಮಪದ. ಕಡಲತೀರ ಎಂಬರ್ಥದ ‘ಉಮಿಬೆ’ಯಲ್ಲಿ ಅದು ನಾಮಪದವಾಗಿಯೇ ಉಳಿದಿದೆ. ಕನ್ನಡದ ‘ಕಡೆ’ ಎಂಬ ನಾಮಪದ ‘ಕಡೆಗೆ’ ಎಂದಾಗಿ ದಿಕ್ಕನ್ನು ಸೂಚಿಸುವ ರೀತಿಯೂ ಇದೇ. ಹೀಗಾಗಿ ‘ಎ’ ಹೊರಟ ದಿಕ್ಕನ್ನು, ‘ನಿ’ ತಲುಪಿದ ನೆಲೆಯನ್ನು ಮುಂದಿಡುತ್ತವೆ ಎಂಬುದು ಸಾಂಪ್ರದಾಯಿಕ ವಿವರಣೆ. ಹೋಗು, ಬರು ಎಂಬ ಕ್ರಿಯೆಗಳೊಡನೆ ಇಂದಿನ ಟೋಕಿಯೊ ಮಾತಿನಲ್ಲಿ ಎರಡೂ ಒಂದರ ಬದಲು ಇನ್ನೊಂದು ಬರುತ್ತವೆ. ಪೋರ್ಚುಗೀಸ್ ಪಾದ್ರಿ ಜೊಆಂವ್ ರೊದ್ರಿಗೆಸ್ 1604 ಮತ್ತು 1608ರ ನಡುವೆ ನಾಗಸಾಕಿಯಲ್ಲಿ ಅಚ್ಚು ಮಾಡಿಸಿದ ಜಪಾನಿ ವ್ಯಾಕರಣದಲ್ಲಿ, ಕ್ಯೋಟೊದವರು ‘ಎ’ ಎನ್ನುತ್ತಾರೆ, ಪಶ್ಚಿಮದ ತ್ಸುಕುಶಿಯವರು ‘ನಿ’ ಎನ್ನುತ್ತಾರೆ, ಪೂರ್ವದವರು ‘ಸ’ ಎನ್ನುತ್ತಾರೆ ಎಂಬ ಆ ಕಾಲದ ನಾಣ್ಣುಡಿ ದಾಖಲಾಗಿದೆ. ಆ ಮೂರನೆಯ ‘ಸ’ ಈಗಲೂ ಈಶಾನ್ಯ ಜಪಾನಿನ ತೊಹೊಕು ಉಪಭಾಷೆಗಳಲ್ಲಿ ಜೀವಂತವಾಗಿದೆ. ಎಲ್ಲಿಗೆ ಎಂದು ಕೇಳುವ ‘ದೊ ಸ’, ಸ್ನಾನದ ಮನೆಗೆ ಎಂದು ಉತ್ತರಿಸುವ ‘ಯು ಸ’ ಎಂಬ ಸಂಭಾಷಣೆ ದೇಶದ ಅತ್ಯಂತ ಚಿಕ್ಕ ಮಾತುಕತೆಯೆಂದು ಹೆಸರಾಗಿದೆ.

ಕನ್ನಡ ಬಲ್ಲ ಕಲಿಕೆದಾರನಿಗೆ ‘ನಿ’ ಬೇಗ ಒಲಿಯುತ್ತದೆ. ಊರಿಗೆ ಹೋಗುವುದು, ಗೆಳೆಯನಿಗೆ ಕೊಡುವುದು, ಏಳು ಗಂಟೆಗೆ ಏಳುವುದು, ಊಟಕ್ಕೆ ಹೊರಡುವುದು ಈ ನಾಲ್ಕರಲ್ಲೂ ಕನ್ನಡದ ಚತುರ್ಥಿ ವಿಭಕ್ತಿ ನಿಲ್ಲುವ ಜಾಗದಲ್ಲಿಯೇ ಜಪಾನಿಯ ‘ನಿ’ ನಿಲ್ಲುತ್ತದೆ. ಈ ಬಗೆಯ ಸಾಮ್ಯಗಳನ್ನು ಮತ್ತು ಪದಗಳ ಹೋಲಿಕೆಯನ್ನು ಹಿಡಿದು ಜಪಾನಿನ ಭಾಷಾವಿದ್ವಾಂಸ ಸುಸುಮು ಓನೊ (1919–2008) ಅವರು ಜಪಾನಿಗೂ ತಮಿಳಿಗೂ ಮೂಲಸಂಬಂಧವಿದೆಯೆಂದು ದೀರ್ಘಕಾಲ ವಾದಿಸಿದರಾದರೂ ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ವಂಶದ ನಂಟಿಲ್ಲದೆಯೂ ಇಂಥ ಹೊಂದಿಕೆ ಕಾಣಸಿಗುತ್ತದೆ. ಸಾಮ್ಯ ಮುಗಿಯುವ ಜಾಗಗಳೇ ಕಲಿಯುವವನಿಗೆ ಹೆಚ್ಚು ಮುಖ್ಯ. ಒಬ್ಬರಿಂದ ಏನನ್ನಾದರೂ ಪಡೆದಾಗಲೂ ಜಪಾನಿಯಲ್ಲಿ ‘ನಿ’ ಬರಬಹುದು, ಕನ್ನಡದಲ್ಲಿ ಅಲ್ಲಿ ‘ಇಂದ’ವೇ ಬೇಕು. ಒಂದೆಡೆ ಇರುವುದನ್ನು ಹೇಳುವಾಗ ಜಪಾನಿ ‘ನಿ’ಯನ್ನೂ ಕನ್ನಡ ‘ಅಲ್ಲಿ’ಯನ್ನೂ ಬಳಸುತ್ತವೆ. ‘ನಿ’ಯ ಮೇಲೆ ಷಷ್ಠಿಯ ‘ನೊ’ ಕೂಡುವಂತಿಲ್ಲ, ‘ಎ’ಯ ಮೇಲೆ ಕೂಡಬಹುದು, ಆದ್ದರಿಂದ ತಾಯಿಗೆ ಬರೆದ ಪತ್ರವನ್ನು ‘ಹಹ ಎ ನೊ ತೆಗಮಿ’ ಎಂದೇ ಹೇಳಬೇಕು, ‘ಹಹ ನಿ ನೊ’ ಎನ್ನುವಂತಿಲ್ಲ. ಮೈಸೂರಿನ ಕಡೆಗಿನ ರಸ್ತೆ ಎಂದು ಹೇಳಲು ಒಪ್ಪಿ, ‘ಮೈಸೂರಿಗಿನ ರಸ್ತೆ’ ಎನ್ನಲು ಒಪ್ಪದ ಕನ್ನಡದ ಕಿವಿ ಈ ನಿಯಮವನ್ನು ಬಾಯಿಪಾಠ ಮಾಡಬೇಕಿಲ್ಲ. ‘ಮುಕೆ’ ಮತ್ತು ‘ಮುಕಿ’ ನಾಮಪದಗಳೇ ಆದ್ದರಿಂದ ಅವೂ ‘ನೊ’ವನ್ನು ತಡೆಯಿಲ್ಲದೆ ಹೊರುತ್ತವೆ: ಮಕ್ಕಳಿಗೆಂದು ಬರೆದ ಪುಸ್ತಕ ‘ಕೊದೊಮೊ-ಮುಕೆ ನೊ ಹೊನ್’, ದಕ್ಷಿಣಕ್ಕೆ ಮುಖ ಮಾಡಿದ ಕೋಣೆ ‘ಮಿನಮಿ-ಮುಕಿ ನೊ ಹೆಯ’.