‘ಬೇರೆ’ ಇರುವಾಗ ‘ಅನ್ಯ’ ಏಕೆ?

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಹೊಸ ಕಥೆಗಾರರ ಹಸ್ತಪ್ರತಿಗಳನ್ನು ಓದುವಾಗ ನಾವು ಪದೇಪದೇ ಎಡವುವುದು ಒಂದೇ ಕಡೆ. ಪಕ್ಕದ ಮನೆಯವರು ಬೇರೆ ಧರ್ಮದವರಾಗಿದ್ದರೆ ಸಾಕು, ಕಥೆಯೊಳಗೆ ‘ಅನ್ಯಕೋಮಿನವರು’ ಬಂದು ಕೂರುತ್ತಾರೆ. ಪತ್ರಿಕೆಗಳ ಅಪರಾಧ ವರದಿಯಿಂದ ಎದ್ದುಬಂದ ಮಾತಿದು. ‘ಅನ್ಯಕೋಮಿನ ಯುವಕ’ ಎಂದರೆ ಯಾರೆಂದು ಓದುಗನಿಗೆ ಗೊತ್ತು. ಹೆಸರು ಹೇಳದೆ ಬೆರಳು ತೋರಿಸುವ ಉಪಾಯ. ವರದಿಗಾರನಿಗೆ ಅದು ಮುನ್ನೆಚ್ಚರಿಕೆ ಇದ್ದೀತು. ಕಥೆಗಾರನಿಗೇನು ಕಟ್ಟುಪಾಡು?

‘ಕೋಮು’ ಅರಬಿಯ ‘ಕೌಮ್’. ಉರ್ದು ಶಾಲೆಯಲ್ಲಿ ನಾವು ಅದನ್ನು ಜನಾಂಗ, ರಾಷ್ಟ್ರ ಎಂಬ ಗೌರವದ ಅರ್ಥದಲ್ಲಿ ಕಲಿತೆವು. ಕನ್ನಡದಲ್ಲಿ ಅದು ಗಲಭೆಯ ಜೊತೆಯಲ್ಲೇ ಹೆಚ್ಚು ಓಡಾಡುತ್ತದೆ. ‘ಅನ್ಯ’ ಸಂಸ್ಕೃತದ್ದು. (ದೂರ ತಳ್ಳುವ ಈ ಪದದಲ್ಲಿ ಸಂಸ್ಕೃತ, ಅರಬಿ ಎರಡೂ ತಕರಾರಿಲ್ಲದೆ ಸಂಸಾರ ಮಾಡುತ್ತಿವೆ!) ಅದೇ ‘ಅನ್ಯ’ ಎರಡು ಸಲ ಸೇರಿದರೆ ‘ಅನ್ಯೋನ್ಯ’.

‘ಬೇರೆ’ ಎಂಬುದರಲ್ಲಿ ದೂಷಣೆಯಿಲ್ಲ. ಕಡೂರು ದಾಟಿ ಬೀರೂರಿಗೆ ಹೋದರೆ ರೈಲು ಹಳಿ ಬೇರೆಯಾಗಿ ಒಂದು ಅಜ್ಜಂಪುರಕ್ಕೆ, ಇನ್ನೊಂದು ತರೀಕೆರೆಗೆ ತಿರುಗುತ್ತದೆ. ತರೀಕೆರೆಗೆ ಸೇರಿದ್ದ ಅಜ್ಜಂಪುರ ಈಗ ಬೇರೆ ತಾಲೂಕು. ಅಣ್ಣತಮ್ಮಂದಿರು ಬೇರೆಯಾಗಿಯೂ ಹಬ್ಬಕ್ಕೆ ಸೇರುತ್ತಾರೆ. ‘ಭೇದ’ಕ್ಕಾದರೋ ಸೀಳುವ ಗುಣವಿದೆ. ‘ಅಂತರ’ ನಡುವೆ ಜಾಗ ಬಿಡುತ್ತದೆ. ಮಂಡಿಯ ಲೆಕ್ಕದ ‘ಫರಕು’ ಕೂಡಿ ಕಳೆದರೆ ಸರಿಹೋಗುತ್ತದೆ. ‘ತಾರತಮ್ಯ’ ಹಾಗಲ್ಲ, ಮೇಲುಕೀಳು ಎಣಿಸುವ ‘ತರ’, ‘ತಮ’ ಪ್ರತ್ಯಯಗಳೇ ಅದರ ಹೊಟ್ಟೆಯಲ್ಲಿವೆ.

ಒಬ್ಬರ ಕಥೆಯಲ್ಲಿ ದಿನವೂ ಎರಡು ಮನೆಗಳ ನಡುವೆ ಸಾರಿನ ಬಟ್ಟಲು ಓಡಾಡುತ್ತದೆ. ಆದರೂ ‘ಆ ಮನೆಗಳ ನಡುವೆ ಅಂತರವಿತ್ತು’ ಎಂದು ಬರೆದಿದ್ದಾರೆ. ಅಲ್ಲಿದ್ದದ್ದು ಊಟದ ವ್ಯತ್ಯಾಸ ಮಾತ್ರ, ಬಟ್ಟಲೇ ಅದಕ್ಕೆ ಸಾಕ್ಷಿ. ಇನ್ನೊಂದು ಕಥೆಯಲ್ಲಿ ಹುಡುಗನ ಹೆಸರು ಕೇಳಿದೊಡನೆ ಬಾಡಿಗೆ ಮನೆಯ ಬಾಗಿಲು ಮುಚ್ಚುತ್ತದೆ. ಕಥೆಗಾರರು ‘ಸ್ವಲ್ಪ ವ್ಯತ್ಯಾಸ ತೋರಿದರು’ ಎಂದು ಮುಂದೆ ಹೋಗುತ್ತಾರೆ. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಅದು ತಾರತಮ್ಯ, ಅಲ್ಲಿ ಆ ಪದವೇ ಬೀಳಬೇಕು. ಸೌಹಾರ್ದದ ಹೆಸರಿನಲ್ಲಿ ಪದವನ್ನು ಮೆತ್ತಗೆ ಮಾಡಿದರೆ ಆ ಹುಡುಗ ಬೀದಿಯಲ್ಲೇ ನಿಂತಿರುತ್ತಾನೆ.

ನಾವೇನೂ ಸಾಚಾಗಳಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬರೆದ ಕಥೆಯೊಂದರಲ್ಲಿ, ನಮಗೆ ಕನ್ನಡ ಅಕ್ಷರ ತಿದ್ದಿಸಿದವರನ್ನು ‘ಅನ್ಯಕೋಮಿನ ಮೇಷ್ಟ್ರು’ ಎಂದಿದ್ದೆವು. ಓದಿದ ಅವರು, “ಕಥೆ ಚೆನ್ನಾಗಿದೆ. ನಾನು ಅನ್ಯ ಆದದ್ದು ಯಾವಾಗಪ್ಪ?” ಎಂದು ಕೇಳಿದರು. ಸಂಕಲನ ಅಚ್ಚಾಗುವಾಗ ಬರೀ ‘ಮೇಷ್ಟ್ರು’ ಎಂದು ತಿದ್ದಿದೆವು. ಅದನ್ನು ನೋಡಲು ಅವರಿರಲಿಲ್ಲ.